“ವಾಲ್ಯೂಮ್ ಮುಟ್ಟೇ ಇಲ್ಲ ನೋಡ್ರಿ ಸರ್”: ಸಿಡಿ ಪ್ಲೇಯರ್ ಮಾಡಿಫೈ ಮಾಡಿಸೋ ಮುಂಚೆ ಇದನ್ನು ಓದಿ

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಬಿಲ್ಲು 14,500 ರೂಪಾಯಿ. ಅದರ ಮೇಲೆ ನಾನೇ ಖುಷಿಯಾಗಿ ಕೊಟ್ಟದ್ದು 500. ಒಟ್ಟು ಹದಿನೈದು ಸಾವಿರ. ಇಷ್ಟಕ್ಕೆ ನನ್ನ ಪ್ಲೇಯರ್‌ನಲ್ಲಿ ಕಿವಿಗೆ ಗೊತ್ತಾಗುವಂಥ ಬದಲಾವಣೆ ಮಾಡಿದ್ದು ಎರಡು ರೂಪಾಯಿ ರೆಸಿಸ್ಟರ್. ಕಣ್ಣಿಗೆ ಗೊತ್ತಾಗುವಂಥದ್ದು ಒಂದು ಬಂಗಾರದ ಬಣ್ಣದ ಸ್ಟಿಕ್ಕರ್. ತಮಾಷೆ ಅಲ್ಲ, ನಿಜವಾಗಿಯೂ ಸ್ಟಿಕ್ಕರ್. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಶಕ್ತಿನಗರದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದು ರಿಟೈರ್ ಆದವನು. ಮೂವತ್ತು ವರ್ಷಕ್ಕಿಂತ ಜಾಸ್ತಿ ಕೈಯಲ್ಲಿ ಮೀಟರ್ ಹಿಡಿದು ಅನ್ನ ತಿಂದಿದ್ದೇನೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಾಚಿಕೆಗೆ ಹೇಳುತ್ತಿದ್ದೇನೆ. ಏನೂ ಗೊತ್ತಿಲ್ಲದವನು ಮೋಸ ಹೋದರೆ ಪಾಪ ಅನ್ನಬಹುದು. ನನಗೆ ಯಾರು ಪಾಪ ಅಂತಾರೆ?

ಮನೆಯಲ್ಲಿ ಹಳೇ ಫಿಲಿಪ್ಸ್ ಸಿಡಿ ಪ್ಲೇಯರ್ ಇದೆ. ಒಳಗೆ ಟಿಡಿಎ 1541ಎ ಚಿಪ್, ಸಿಡಿಯ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಡಿಎಸಿ ಅದೇ. ಈ ಹುಚ್ಚು ಇರೋರಿಗೆ ಆ ನಂಬರ್ ಸಾಕು. ಅದಕ್ಕೆ ಆಗಿದ್ದ ತೊಂದರೆ ಇಷ್ಟೇ: ಮಲ್ಲಿಕಾರ್ಜುನ ಮನ್ಸೂರರ ಒಂದು ಸಿಡಿಯಲ್ಲಿ ಮೂರನೇ ಟ್ರ್ಯಾಕಿಗೆ ಬಂದರೆ ಹಾರುತ್ತಿತ್ತು. ಆಲಾಪ ಏರುತ್ತಾ ಏರುತ್ತಾ ಇರುವಾಗ ಟಕ್ ಅಂತ ಮುಂದಕ್ಕೆ ಜಿಗಿದುಬಿಡುತ್ತಿತ್ತು. ಅದನ್ನು ರಿಪೇರಿ ಮಾಡಿಸೋಣ ಅಂತ ಹೊರಟವನು ನಾನು. ರಿಪೇರಿ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ.

ರಾಯಚೂರಿನಲ್ಲಿ ಸ್ಟೇಷನ್ ರೋಡ್ ಕಡೆ ಒಂದು ಅಂಗಡಿ. ಹೆಸರು ಬೇಡ. ಆಂಪ್ಲಿಫೈಯರ್ ಅಸೆಂಬಲ್ ಮಾಡುತ್ತಾರೆ, ಮದುವೆ, ಜಾತ್ರೆಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾರೆ. ಪ್ಲೇಯರ್‌ನ ಒಳಗಿನ ಫೋಟೋ ವಾಟ್ಸಾಪ್ ಮಾಡಿ ಅಂದ ಅಂಗಡಿಯವನು. ಮುಚ್ಚಳ ಬಿಚ್ಚಿ ಐದಾರು ಫೋಟೋ ಕಳಿಸಿದೆ. ಆ ಫೋಟೋಗಳೇ ಆಮೇಲೆ ನನ್ನ ಮಾನ ಉಳಿಸಿದವು, ಅಥವಾ ಕಳೆದವು, ನೀವೇ ಹೇಳಿ.

ಹತ್ತೇ ನಿಮಿಷಕ್ಕೆ ಫೋನ್ ಬಂತು. “ಸರ್, ಇಂಥಾ ಪ್ಲೇಯರ್ ಇಟ್ಕೊಂಡು ಹಂಗೇ ಕೇಳ್ತೀರೇನ್ರಿ? ಕಂಪನಿಯವರು ಉಳಿತಾಯ ಮಾಡಾಕ ಹೋಗಿ ಇದರ ಕುತ್ತಿಗಿ ಹಿಚುಕ್ಯಾರ್ರಿ.” ಕುತ್ತಿಗೆ ಹಿಸುಕಿದ್ದಾರೆ! ಆ ಒಂದು ಮಾತಿಗೆ ನಾನು ಬಿದ್ದುಬಿಟ್ಟೆ. ಮೂವತ್ತು ವರ್ಷ ಮನೆಯಲ್ಲಿದ್ದ ಸಾಮಾನಿಗೆ ಉಸಿರು ಕಟ್ಟಿದೆ ಅಂದರೆ ಯಾರಿಗೆ ಹೊಟ್ಟೆ ಉರಿಯಲ್ಲ?

ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು, ಬೆಡ್‌ಶೀಟ್ ಸುತ್ತಿ, ಕೂಸಿನ ಹಾಗೆ ತೆಗೆದುಕೊಂಡು ಹೋದೆ. ಅಲ್ಲಿ ಕೂತು ಪಟ್ಟಿ ಮಾಡಿದ. ಸಿಗ್ನಲ್ ಹಿಗ್ಗಿಸೋ ಬರ್-ಬ್ರೌನ್ ಕಂಪನಿಯ ಒಪಿಎ 2134 ಚಿಪ್ ಎರಡು, 3,200. ಡಿಎಸಿ ಸುತ್ತ ಫಿಲ್ಮ್ ಕೆಪಾಸಿಟರ್ 14, ಒಂದಕ್ಕೆ 250ರ ಹಾಗೆ 3,500. ಲೋ ಜಿಟರ್ ಕ್ಲಾಕ್, ಅಂದರೆ ಪ್ಲೇಯರಿಗೆ ತಾಳ ತಪ್ಪದ ಹಾಗೆ ಎಣಿಕೆ ಕೊಡೋ ಗಡಿಯಾರ, 4,500. ಕೂಲಿ 3,300. ಹಾರೋ ತೊಂದರೆ? “ಅದು ಫ್ರೀ ಸರ್.”

ಕ್ಲಾಕ್ ಹಾಕಿದರೆ 16 ಬಿಟ್ ಹೋಗಿ 24 ಬಿಟ್ ಆಗುತ್ತೆ ಅಂತಲೂ ಹೇಳಿದ. ಆಗಲೇ ಎದ್ದು ಬರಬೇಕಿತ್ತು. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಿನಿಂದ ಅದರಲ್ಲಿ ಬರೆದಿರುವುದೇ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ಒಂದೊಂದಕ್ಕೆ 16 ಬಿಟ್. ಕೊಡದಲ್ಲಿ ಇದ್ದಷ್ಟೇ ನೀರು. ಕ್ಲಾಕ್ ಬದಲಿಸಿದರೆ ಕೊಡ ದೊಡ್ಡದಾಗುತ್ತಾ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ “ಹೌದಾ?” ಅಂತ ತಲೆ ಆಡಿಸಿದೆ. ಒಂದೇ ಒಂದು ಕಡೆ ಬುದ್ಧಿ ಉಳಿದಿತ್ತು. ನಿಮ್ಮ ಡಿಎಸಿ ಚಿಪ್ ಮೇಲೆ ಕಿರೀಟದ ಗುರುತಿಲ್ಲ, ಕಿರೀಟ ಇರೋದು ತರಿಸಿಕೊಡ್ತೀನಿ ಅಂದ. ಕಿರೀಟದ ಚಿಪ್ ಇರೋದು ನಿಜ, ಆರಿಸಿ ತೆಗೆದ ಮಾಲು ಅದು. ಆದರೆ ಸಾದಾ ಚಿಪ್ ಮೇಲೆ ಕಿರೀಟ ಅಚ್ಚು ಹಾಕಿ ಮಾರೋರೂ ಇದ್ದಾರೆ. ಬೇಡ ಅಂದೆ. ಅಷ್ಟರಮಟ್ಟಿಗೆ ಬಚಾವ್.

ಅಡ್ವಾನ್ಸ್ 8,000 ಫೋನ್‌ಪೇ ಮಾಡಿದೆ. ಹದಿನೆಂಟು ದಿನ ಆಯಿತು. ನಡುವೆ “ಪಾರ್ಟ್ಸ್ ಹೈದರಾಬಾದ್‌ನಿಂದ ಬರ್ಬೇಕ್ರಿ”, “ಹುಡುಗ ಊರಿಗೆ ಹೋಗ್ಯಾನ್ರಿ”, ಇವೆಲ್ಲ ನಿಮಗೆ ಗೊತ್ತಿರೋದೇ. ಕೆಲಸ ನಡೀತಿದೆ ಅಂತ ಒಂದು ಫೋಟೋ ಕಳಿಸಿದ. ಚಿಪ್ ಪಕ್ಕ ಕೆಂಪು ಕೆಪಾಸಿಟರ್‌ಗಳು ಸಾಲಾಗಿ ನಿಂತಿದ್ದವು. ನೋಡಿ ಎಷ್ಟು ಖುಷಿಪಟ್ಟೆ ಅಂದರೆ ಮನೆಯವಳಿಗೂ ತೋರಿಸಿದೆ. “ಚೆಂದ ಅದಾವು” ಅಂದಳು, ಪಾಪ.

ಈಗ ಮುಖ್ಯ ವಿಷಯ. ಡೆಮೋ.

ಅಂಗಡಿಯ ಹಿಂದಿನ ರೂಮು. ಒಂದು ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಎರಡು. ನನ್ನ ಪ್ಲೇಯರ್ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಫಿಲಿಪ್ಸ್, ಮಾಡಿಫೈ ಮಾಡದೇ ಇರೋದು. ಮೊದಲು ಅದರಲ್ಲಿ ಒಂದು ಸಿತಾರ್-ತಬಲಾ ಸಿಡಿ ಹಾಕಿದ. ಅವನದೇ ಸಿಡಿ. ಎರಡು ನಿಮಿಷ ಕೇಳಿಸಿದ. ಅದೇ ಡಿಸ್ಕ್ ತೆಗೆದು ನನ್ನ ಪ್ಲೇಯರಿಗೆ ಹಾಕಿದ. ಆಂಪ್ಲಿಫೈಯರ್ ಹತ್ತಿರ ಹೋಗಿ ಇನ್‌ಪುಟ್ ಬದಲಿಸಿ, ವಾಲ್ಯೂಮ್ ನಾಬ್ ಮೇಲಿನ ಬಿಳಿ ಗೀಟನ್ನು ಬೆರಳಿಟ್ಟು ತೋರಿಸಿದ. “ವಾಲ್ಯೂಮ್ ಮುಟ್ಟೇ ಇಲ್ಲ ನೋಡ್ರಿ ಸರ್. ಎಲ್ಲಿತ್ತೋ ಅಲ್ಲೇ ಐತಿ. ನಾವು ಹಂಗೆಲ್ಲ ಮೋಸ ಮಾಡಂಗಿಲ್ರಿ.”

ತಬಲಾ ಶುರುವಾಯಿತು. ದೇವರಾಣೆ, ಮೈ ಜುಮ್ ಅಂತು. ಎಡಗೈ ಡಗ್ಗಾ ಎದೆಗೆ ಬಡಿಯಿತು. ಸಿತಾರಿನ ತಂತಿ ಕಣ್ಣ ಮುಂದೆ ಕಂಡ ಹಾಗಾಯಿತು. ಮೊದಲು ಕೇಳಿಸದ ಉಸಿರು, ಬೆರಳು ಸರಿದ ಸದ್ದು, ಎಲ್ಲ. “ವಾಹ್” ಅಂದೆ. ಬಾಯಿಬಿಟ್ಟು ಅಂದೆ. ಎರಡು ಸಲ. ಜೇಬಿಂದ ಐನೂರರ ನೋಟು ತೆಗೆದು “ಇದು ನನ್ನ ಖುಷಿಗೆ, ಹುಡುಗರಿಗೆ ಟೀ” ಅಂತ ಕೊಟ್ಟೆ. ಬಾಕಿ 6,500 ಅಲ್ಲೇ ಕೊಟ್ಟೆ. ನನ್ನ ಮನ್ಸೂರರ ಸಿಡಿ ಚೀಲದಲ್ಲೇ ಇತ್ತು. ಅದನ್ನು ಹಾಕಿ ನೋಡೋಣ ಅಂತ ಹೊಳೆಯಲೇ ಇಲ್ಲ. ಚೀಲದಲ್ಲೇ ಇತ್ತು ಮಾರಾಯ್ರೇ!

ಮನೆಗೆ ಬಂದು ಮೊದಲು ಅದನ್ನೇ ಹಾಕಿದೆ. ಮೂರನೇ ಟ್ರ್ಯಾಕ್. ಟಕ್. ಹಾರಿತು.

ಫೋನ್ ಮಾಡಿದರೆ, “ಸರ್, ಹೊಸ ಪಾರ್ಟ್ಸ್ ಬರ್ನ್-ಇನ್ ಆಗ್ಬೇಕ್ರಿ. ಇನ್ನೂರು ತಾಸು ಓಡಿಸ್ರಿ, ತಾನೇ ಸರಿ ಆಗ್ತೈತಿ.” ಇನ್ನೂರು ತಾಸು! ಲೇಸರ್ ಹಾರೋದಕ್ಕೂ ಕೆಪಾಸಿಟರ್ ಪಳಗೋದಕ್ಕೂ ಏನು ಸಂಬಂಧ? ಆದರೂ ಓಡಿಸಿದೆ. ಹೌದು, ಓಡಿಸಿದೆ. ಬೆಳಗ್ಗೆ ಏಳಕ್ಕೆ ಹಚ್ಚಿದರೆ ರಾತ್ರಿ ಊಟದ ಹೊತ್ತಿಗೆ ಆರಿಸುವುದು. ಜಂಬಲದಿನ್ನಿಯವರ ವಚನದ ಸಿಡಿ ಅದೆಷ್ಟು ಸಲ ತಿರುಗಿತೋ. ನಮ್ಮ ಜಿಲ್ಲೆಯ ದೊಡ್ಡ ಗಾಯಕರು, ಅವರ ವಚನವನ್ನು ಬರ್ನ್-ಇನ್‌ಗೆ ಬಳಸಿದ ಪಾಪ ನನ್ನ ತಲೆ ಮೇಲೆ. ಹತ್ತನೇ ದಿನ ಮನೆಯವಳು ಕೇಳಿದಳು, “ಇದೇನು ಹೊಲಕ್ಕ ನೀರು ಬಿಟ್ಟಂಗ ಬಿಟ್ಟೀರಿ?”

ಆಗ ಅಕ್ಕನ ಮಗ ಬಂದ. ಡಿಪ್ಲೊಮಾ ಓದಿದವನು, ಕಡಿಮೆ ಮಾತಿನ ಹುಡುಗ. ಐದು ನಿಮಿಷ ಕೇಳಿ, “ಮಾಮಾ, ಸೌಂಡ್ ಜಾಸ್ತಿ ಆಗೇತಿ ಅಷ್ಟ” ಅಂದ. ನನಗೆ ಸಿಟ್ಟು ಬಂತು. ವಾಲ್ಯೂಮ್ ಮುಟ್ಟೇ ಇಲ್ಲಪ್ಪ, ನಾನೇ ಕಣ್ಣಾರೆ ನೋಡಿದ್ದೇನೆ ಅಂದೆ. ಅವನು ನಕ್ಕ. ಲ್ಯಾಪ್‌ಟಾಪಿನಲ್ಲಿ 100 ಹರ್ಟ್ಸ್ ಟೋನ್, ಫುಲ್ ಲೆವೆಲ್, ಒಂದು ಸಿಡಿಗೆ ಬರೆದ. ಸಾದಾ ಮಲ್ಟಿಮೀಟರ್ ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಸರಿ ತೋರಿಸಲ್ಲ, ಅದಕ್ಕೆ 100. ಪ್ಲೇಯರ್ ಹಿಂದಿನ ಔಟ್‌ಪುಟ್‌ಗೆ ನನ್ನದೇ ಮೀಟರ್ ಇಟ್ಟ. ಎಸಿ ವೋಲ್ಟ್. ಎಡಕ್ಕೆ 3.1. ಬಲಕ್ಕೆ 3.1.

ಪ್ಲೇಯರ್ ಜೊತೆ ಬಂದ ಪುಸ್ತಕದ ಕೊನೇ ಪುಟ ತೆಗೆದು ನೋಡಿದೆ. ಔಟ್‌ಪುಟ್ 2 ವೋಲ್ಟ್.

ಮುಚ್ಚಳ ಬಿಚ್ಚಿದೆವು. ಡಿಎಸಿ ಚಿಪ್ಪಿನಿಂದ ಬರುವ ಕರೆಂಟನ್ನು ವೋಲ್ಟೇಜ್ ಮಾಡುವ ಜಾಗದಲ್ಲಿ ಚಾನೆಲ್ಲಿಗೊಂದು ರೆಸಿಸ್ಟರ್ ಇರುತ್ತದೆ. ಅದು ದೊಡ್ಡದಾದಷ್ಟೂ ಸೌಂಡ್ ದೊಡ್ಡದು. ನಾನು ಕಳಿಸಿದ್ದ ಹಳೇ ಫೋಟೋ ಹಿಗ್ಗಿಸಿ ನೋಡಿದರೆ ಅದರ ಮೇಲೆ ಕಂದು, ಹಸಿರು, ಕೆಂಪು ಪಟ್ಟಿ. ಅಂದರೆ 1.5 ಕಿಲೋ ಓಮ್. ಈಗ ಅಲ್ಲಿ ಕೂತಿರೋದಕ್ಕೆ ಕೆಂಪು, ಕೆಂಪು, ಕೆಂಪು. 2.2 ಕಿಲೋ ಓಮ್. ಮೂರೂವರೆ ಡೆಸಿಬೆಲ್ ಹತ್ತಿರ ಏರಿಕೆ. ವಾಲ್ಯೂಮ್ ಅವನು ಮುಟ್ಟಿರಲಿಲ್ಲ, ನಿಜ. ಮುಟ್ಟುವ ಅಗತ್ಯವೇ ಇರಲಿಲ್ಲ! ಪ್ಲೇಯರ್ ಒಳಗೇ ತಿರುವಿ ಇಟ್ಟಿದ್ದ.

ಸೌಂಡ್ ಸ್ವಲ್ಪ ಏರಿಸಿದರೆ ಕಿವಿಗೆ ಬೇಸ್ ತುಂಬಿದ ಹಾಗೆ, ಸಣ್ಣಪುಟ್ಟ ಸದ್ದು ಬಿಡಿಸಿಟ್ಟ ಹಾಗೆ ಕೇಳಿಸುತ್ತದೆ. ಕಿವಿ ಇರೋದೇ ಹಾಗೆ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು 1933ರಲ್ಲೇ ಇದರ ಗೆರೆ ಎಳೆದು ತೋರಿಸಿದ್ದಾರೆ ಅಂತ ಹುಡುಗ ಹೇಳಿದ. 1933ರಿಂದ ಗೊತ್ತಿರೋ ವಿಷಯಕ್ಕೆ ನಾನು ಈ ವರ್ಷ ಐನೂರು ರೂಪಾಯಿ ಟಿಪ್ಸ್ ಕೊಟ್ಟು ಬಂದಿದ್ದೇನೆ.

ಉಳಿದದ್ದನ್ನೂ ನೋಡಿದೆವು. ಕೆಪಾಸಿಟರ್ 14: ಚಿಪ್ಪಿನ ಆ ಕಡೆ ಏಳು, ಈ ಕಡೆ ಏಳು. ಫೋಟೋದಲ್ಲಿ ಕಾಣೋ ಏಳು ಹೊಸವು. ಹಿಂದಿನ ಏಳು ಫ್ಯಾಕ್ಟರಿಯಲ್ಲಿ ಹಾಕಿದ್ದವೇ, ಧೂಳಿನ ಸಮೇತ. ಬೀದಿ ಕಡೆ ಗೋಡೆಗೆ ಮಾತ್ರ ಸುಣ್ಣ ಹೊಡೆದ ಹಾಗೆ. ದುಡ್ಡು ಹದಿನಾಲ್ಕಕ್ಕೂ. ಒಪಿಎ 2134 ಮೇಲೆ ಮಗಳ ನೇಲ್ ಪಾಲಿಶ್ ರಿಮೂವರ್ ಹಚ್ಚಿ ಹತ್ತಿಯಿಂದ ಒರೆಸಿದೆವು. ಅಕ್ಷರ ಪೂರ್ತಿ ಹತ್ತಿಗೆ ಬಂತು. ಕೆಳಗೆ ಉಪ್ಪುಕಾಗದದಿಂದ ತಿಕ್ಕಿದ ಸಣ್ಣ ಗೀರುಗಳು. ಯಾವುದೋ ಚಿಪ್ಪಿನ ಹೆಸರು ಅಳಿಸಿ ಹೊಸ ಹೆಸರು ಬರೆದಿದ್ದಾರೆ. ಮೊದಲಿದ್ದದ್ದು ಎನ್‌ಇ 5532, ಸ್ಟುಡಿಯೋ ಮಿಕ್ಸರ್‌ಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಒಳ್ಳೇ ಚಿಪ್. ಅದನ್ನು ಕಿತ್ತು ಇದನ್ನು ಹಾಕಿಸಿಕೊಂಡೆ, ಮೇಲೆ 3,200 ಕೊಟ್ಟೆ.

ಆಮೇಲೆ ಕ್ಲಾಕ್. ಕ್ಲಾಕಿಗೆ ತಾಳ ಕೊಡುವ 11.2896 ಮೆಗಾಹರ್ಟ್ಸ್ ಕ್ರಿಸ್ಟಲ್ ಇರೋ ಜಾಗದಲ್ಲಿ ಬಂಗಾರದ ಬಣ್ಣದ್ದೊಂದು ಹೊಳೆಯುತ್ತಿತ್ತು. ಹುಡುಗ ಉಗುರಿನಿಂದ ಅಂಚು ಎಬ್ಬಿಸಿದ. ಸಿಪ್ಪೆ ಬಂದ ಹಾಗೆ ಬಂತು. ಕೆಳಗೆ ನನ್ನ ಹಳೇ ಕ್ರಿಸ್ಟಲ್, ಕಾಲಿನ ಬೆಸುಗೆ ಸಹ ಮುಟ್ಟಿಲ್ಲ. 4,500 ರೂಪಾಯಿ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾರುತ್ತಿದ್ದದ್ದಾ? ಸಿಡಿ ಓದುವ ಲೇಸರಿನ ಲೆನ್ಸ್ ಮೇಲೆ ಧೂಳಿನ ಪದರ. ಶಕ್ತಿನಗರದಲ್ಲಿ ಇರೋರಿಗೆ ಧೂಳಿನ ಬಗ್ಗೆ ಹೇಳಬೇಕಾ? ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ, ಹಗುರಾಗಿ ಒರೆಸಿದ, ಒಣಗಿಸಿದ. ಮನ್ಸೂರರು ಮೂರನೇ ಟ್ರ್ಯಾಕ್ ಪೂರ್ತಿ ಹಾಡಿದರು.

ಮರುದಿನ ಅಂಗಡಿಗೆ ಹೋದೆ, ಮೀಟರ್ ಹಿಡಿದುಕೊಂಡೇ. 3.1 ತೋರಿಸಿದೆ. ಅವನ ಉತ್ತರ ಕೇಳಿ: “ಸರ್, ಮೀಟರಿಗೆ ಕಿವಿ ಇರ್ತಾವೇನ್ರಿ?” ಅಂಗಡಿಯಲ್ಲಿದ್ದ ಹುಡುಗರು ನಕ್ಕರು. ಮೀಟರ್ ಹಿಡಿದೇ ರಿಟೈರ್ ಆದವನಿಗೆ ಈ ಮಾತು! ಸ್ಟಿಕ್ಕರ್ ಟೇಬಲ್ ಮೇಲೆ ಇಟ್ಟೆ. “ಅದು ಶೀಲ್ಡಿಂಗ್ ರೀ. ನೀವು ಕಿತ್ತೀರಿ, ಇನ್ನ ಗ್ಯಾರಂಟಿ ಹೋತು.” ಹಿಂದಿನ ಏಳು ಕೆಪಾಸಿಟರ್? “ಅವು ಚಲೋ ಇದ್ವು, ಸುಮ್ನೆ ಯಾಕ ಕೀಳಬೇಕು?” ಮತ್ತೆ ದುಡ್ಡು ಯಾಕೆ ತಗೊಂಡೆ? “ಪ್ಯಾಕೇಜ್ ರೇಟ್ ಸರ್.” ನನ್ನ ಹಳೇ 5532 ಕೊಡು. “ಕಬಾಡಿಗೆ ಹೋದ್ವು.” ಪ್ರತಿಯೊಂದಕ್ಕೂ ಉತ್ತರ ರೆಡಿ. ಒಂದು ಸಲವೂ ದನಿ ಏರಿಸಲಿಲ್ಲ, ನಡುವೆ ಟೀ ಬೇರೆ ತರಿಸಿದ. ಕುಡಿದೆ. ಅದಕ್ಕೂ ಈಗ ಬೇಜಾರಾಗುತ್ತದೆ.

ಮಾಡಿಫಿಕೇಷನ್ ಅನ್ನೋದೇ ಸುಳ್ಳು ಅಂತ ನಾನು ಹೇಳಲ್ಲ. ಹಳೇ ಪ್ಲೇಯರ್‌ನಲ್ಲಿ ಪವರ್ ಸಪ್ಲೈ ಕೆಪಾಸಿಟರ್ ಒಣಗಿರುತ್ತವೆ, ಬದಲಿಸಿದರೆ ಒಳ್ಳೆಯದೇ. ಆದರೆ ಕೇಳಿ ನೋಡುವಾಗ ಎರಡೂ ಪ್ಲೇಯರಿಗೆ ಅದೇ ಟೋನ್ ಹಾಕಿ ಸ್ಪೀಕರ್ ವೈರಿಗೆ ಮೀಟರ್ ಇಡಿ, ಎರಡೂ ಒಂದೇ ವೋಲ್ಟ್ ಬರೋ ಹಾಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಕೇಳಿ. ವಾಲ್ಯೂಮ್ ಮುಟ್ಟಲ್ಲ ಅಂದವನ ಹತ್ತಿರ ಮುಟ್ಟು ಅಂತಲೇ ಹೇಳಿ. ಕೊಡೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಕಿತ್ತ ಪಾರ್ಟ್ಸ್ ಒಂದು ಕವರಿನಲ್ಲಿ ವಾಪಸ್, ನಿಮ್ಮದೇ ಸಿಡಿ. ಚೀಲದಲ್ಲೇ ಇಟ್ಟುಕೊಂಡು ಕೂರಬೇಡಿ, ನನ್ನ ಹಾಗೆ.

ಹುಡುಗ 1.5 ಕಿಲೋ ಓಮ್ ರೆಸಿಸ್ಟರ್ ವಾಪಸ್ ಹಾಕಿದ, ಎರಡು ಅಸಲಿ 5532 ತರಿಸಿದ. ಮೀಟರ್ ಈಗ 2.1 ತೋರಿಸುತ್ತದೆ. ಪ್ಲೇಯರ್ ಮೊದಲು ಹೇಗಿತ್ತೋ ಹಾಗಿದೆ, ಚೆನ್ನಾಗಿಯೇ ಇತ್ತು.

ಅಂಗಡಿಯವನಿಗೆ ಮೊನ್ನೆ ಕೊನೇ ಮೆಸೇಜ್ ಹಾಕಿದೆ. ಹದಿನಾಲ್ಕೂವರೆ ಸಾವಿರ ಹೋಗಲಿ, ಆ ಐನೂರಾದ್ರೂ ವಾಪಸ್ ಹಾಕು ಅಂತ. ಎರಡು ನೀಲಿ ಗೀಟು ಬಂದವು. ಅರ್ಧ ತಾಸಿನ ಮೇಲೆ ಉತ್ತರ:

“ಅದು ನೀವು ಖುಷಿಯಿಂದ ಕೊಟ್ಟಿದ್ದಲ್ರಿ ಸರ್.”