ಕೆಂಪು ಲೋಳೆಗೆ ಯಾವುದು ಮೇಲು: ಪೈಪೋ, ಕತ್ತಲೆಯೋ, ಪುಡಿಯೋ?

ಹವಳ ಸಾಕುವ ಉಪ್ಪುನೀರಿನ ಮೀನುತೊಟ್ಟಿಯಲ್ಲಿ, ಮರಳಿನ ಮೂಲೆಯಲ್ಲಿ ಕುಂಕುಮದ ಕಲೆಯಂತೆ ಶುರುವಾಗಿ, ಒಂದೇ ವಾರದಲ್ಲಿ ಕಲ್ಲುಗಳಿಗೆಲ್ಲ ಹೊದಿಕೆಯಾಗುವ ಕೆಂಪು ಲೋಳೆ ನಿಜವಾದ ಪಾಚಿಯಲ್ಲ. ಅದು ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯ. ಹಾಗಾಗಿ ಪಾಚಿ ತಿನ್ನುವ ಬಸವನಹುಳುಗಳನ್ನು ತಂದು ಬಿಟ್ಟರೆ ಹೆಚ್ಚಿನವು ಅದರ ತಂಟೆಗೇ ಹೋಗುವುದಿಲ್ಲ.

ಮದ್ದು ಹುಡುಕುವ ಮೊದಲು ಗುರುತು ಹಿಡಿಯಿರಿ. ಪೈಪಿನ ಬಾಯಿ ಹತ್ತಿರ ತಂದರೆ ಕೆಂಪು ಲೋಳೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕಂದು ಸಿಂಬಳದಂಥ ಎಳೆಗಳ ತುದಿಯಲ್ಲಿ ಗುಳ್ಳೆ ತೂಗುತ್ತಿದ್ದರೆ ಅದು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ಇರಬಹುದು, ಅದರ ದಾರಿಯೇ ಬೇರೆ. ಉಗುರಿಗೂ ಏಳದ ಗಟ್ಟಿ ನೇರಳೆ ಪದರ ಕೋರಲೈನ್ ಎಂಬ ಸುಣ್ಣ ಕಟ್ಟುವ ಪಾಚಿ, ಅದು ಇರಲಿ.

ಕೆಳಗಿನ ಅಳತೆಗಳೆಲ್ಲ ಮೃದು ಹವಳಗಳಿರುವ 200 ಲೀಟರ್ ತೊಟ್ಟಿಗೆ.

ನಾವು ಮಾಡಿ ನೋಡಿದವುಗಳಲ್ಲಿ ಮೊದಲ ಸ್ಥಾನ ಪೈಪು ಮತ್ತು ನೀರಿನ ಓಟದ ಜೋಡಿಗೆ. 8ರಿಂದ 10 ಮಿಲಿಮೀಟರ್ ಟ್ಯೂಬಿನಲ್ಲಿ ಲೋಳೆಯನ್ನು ಹೀರಿ ಬಕೆಟ್ಟಿಗೆ ಬಿಡಿ. ಕೈಯಿಂದ ಉಜ್ಜಬೇಡಿ, ಒಡೆದ ಚೂರುಗಳು ಕೂತಲ್ಲೆಲ್ಲ ಹೊಸ ಕಲೆ ಏಳುತ್ತದೆ. ಮಧ್ಯಾಹ್ನದ ಮೇಲೆ ಹಾಳೆಯೊಳಗೆ ಗುಳ್ಳೆ ತುಂಬಿದಾಗ ಅದು ಸುಲಭವಾಗಿ ಬಿಡುತ್ತದೆ. ವಾರಕ್ಕೆರಡು ಸಲ, ಪ್ರತಿ ಸಲ 20 ಲೀಟರ್ ಹೊಸ ಉಪ್ಪುನೀರಿನೊಂದಿಗೆ ಮೂರು ವಾರ ಮಾಡಬೇಕು. ಜೊತೆಗೆ ಗಂಟೆಗೆ 3000 ಲೀಟರಿನ ಎರಡು ವೇವ್‌ಮೇಕರ್‌ಗಳನ್ನು (ನೀರು ಓಡಿಸುವ ಪಂಪು) ಎದುರುಬದುರು ಗಾಜಿಗೆ ಹಾಕಿ, ಒಂದರ ಮುಖವನ್ನು ಕಲ್ಲುಗಳ ಹಿಂಬದಿಗೆ ತಿರುಗಿಸಿ. ಲೋಳೆ ಮರಳಿ ಬರುವುದು ಕಸ ಕೂರುವ ಆ ಸತ್ತ ಮೂಲೆಯಿಂದಲೇ. ಈ ವಿಧಾನ ನಿಧಾನ, ಬೆನ್ನು ನೋಯುತ್ತದೆ. ಆದರೆ ಲೋಳೆ ತಿಂದಿಟ್ಟ ಪೋಷಕಾಂಶವನ್ನು ಅದರೊಂದಿಗೇ ತೊಟ್ಟಿಯಿಂದ ಆಚೆ ಹಾಕುವುದು ಇದೊಂದೇ. ಮಿಕ್ಕವೆಲ್ಲ ಲೋಳೆಯನ್ನು ತೊಟ್ಟಿಯೊಳಗೇ ಕೊಳೆಸುತ್ತವೆ.

ಕತ್ತಲೆ ವಿಧಾನ ಸುಲಭ: ಮೊದಲು ಹೀರಿ, ಮೂರು ದಿನ ದೀಪ ಆರಿಸಿ, ಕಪ್ಪು ಬಟ್ಟೆ ಹೊದಿಸಿ, ಏರ್ ಪಂಪ್ ಓಡಿಸಿ. ನಾಲ್ಕನೇ ದಿನ ತೊಟ್ಟಿ ಹೊಳೆಯುತ್ತದೆ. ಕಾರಣ ಹಾಗೇ ಉಳಿದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಕೆಂಪು.

ಲೋಳೆ ಕೊಲ್ಲುವ ಪುಡಿಯ ವೇಗಕ್ಕೆ ಸಾಟಿಯಿಲ್ಲ. ಕೆಮಿಕ್ಲೀನ್ ಎಂಬ ಬ್ರ್ಯಾಂಡ್ ಆದರೆ ಸುಮಾರು 38 ಲೀಟರಿಗೆ ಒಂದು ಚಮಚ, ಆ ಡಬ್ಬಿಯದೇ ಚಮಚ. ಕಲ್ಲು, ಮರಳು ತುಂಬಿದ ಜಾಗ ಕಳೆದರೆ 200 ಲೀಟರ್ ತೊಟ್ಟಿಯಲ್ಲಿ ನಿಜವಾದ ನೀರು 160 ಲೀಟರ್ ಆಸುಪಾಸು, ಅಂದರೆ ನಾಲ್ಕು ಚಮಚ. ಫಿಲ್ಟರಿನ ಕಾರ್ಬನ್ ತೆಗೆಯಿರಿ, ಯುವಿ ದೀಪ ಆರಿಸಿ, ಸ್ಕಿಮ್ಮರಿನ (ನೊರೆಯಲ್ಲಿ ಕೊಳೆ ಎತ್ತುವ ಯಂತ್ರ) ಕಪ್ ತೆಗೆದಿಡಿ, ಏರ್ ಸ್ಟೋನ್ ಹಾಕಿ. 48 ಗಂಟೆಯ ನಂತರ 40 ಲೀಟರ್ ನೀರು ಬದಲಿಸಿ. ಆಮೇಲೂ ಕೆಲವು ದಿನ ಸ್ಕಿಮ್ಮರ್ ನೊರೆ ಉಕ್ಕಿಸುತ್ತದೆ, ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಆಮ್ಲಜನಕಕ್ಕೆ. ಸಾಯುವ ಲೋಳೆ ಕೊಳೆಯುತ್ತಾ ಅದನ್ನು ಎಳೆದುಕೊಳ್ಳುತ್ತದೆ. ಕಕ್ಕಡ ತಿಂಗಳ ಗಾಳಿಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋದರೆ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಬ್ಯಾಟರಿಯ ಏರ್ ಪಂಪ್ ಇಲ್ಲದ ಮನೆಯಲ್ಲಿ ಕೊಡಗಿನ ಮಳೆಗಾಲದಲ್ಲಿ ಪುಡಿಯ ಡಬ್ಬಿ ತೆರೆಯಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೈಡ್ರೋಜನ್ ಪೆರಾಕ್ಸೈಡ್ ಅಗ್ಗ, ಆದರೆ ಲೆಕ್ಕ ತಪ್ಪುವುದು ಇಲ್ಲೇ. ರೂಢಿಯ ಅಳತೆ ಶೇ. 3ರ ದ್ರಾವಣ, ದಿನಕ್ಕೆ 38 ಲೀಟರಿಗೆ 1 ಮಿಲಿಲೀಟರ್. ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವ '20 ವಾಲ್ಯೂಮ್' ಬಾಟಲಿ ಶೇ. 6ರದ್ದು, ಅದನ್ನು ಅರ್ಧಕ್ಕರ್ಧ ಆರ್‌ಒ ನೀರಿನಲ್ಲಿ ಬೆರೆಸಿದ ಮೇಲೆಯೇ ಅಳೆಯಿರಿ. ಕ್ಲೀನರ್ ಸೀಗಡಿ ಇದ್ದರೆ ಈ ದಾರಿ ಬಿಡಿ. ಸಣ್ಣ ಕಲೆಗಳಿಗೆ ಪರವಾಗಿಲ್ಲ, ಇಡೀ ತೊಟ್ಟಿಯ ಹೊದಿಕೆಗೆ ಸಾಲದು.

ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು ಪರೀಕ್ಷಾ ಕಿಟ್ ಇಲ್ಲದೆ ಹಾಕುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಚೆನ್ನ. ನೈಟ್ರೇಟ್ ಸೊನ್ನೆಯಾಗಿ ಫಾಸ್ಫೇಟ್ ಮಾತ್ರ ಉಳಿದರೆ ಲೋಳೆಗೇ ಲಾಭ, ಏಕೆಂದರೆ ಸಯನೋಬ್ಯಾಕ್ಟೀರಿಯಗಳಲ್ಲಿ ಕೆಲವು ಸಾರಜನಕವನ್ನು ತಾವೇ ಸ್ಥಿರೀಕರಿಸಿಕೊಳ್ಳುತ್ತವೆ. ಎರಡನ್ನೂ ಸೊನ್ನೆಗೆ ಇಳಿಸಿದರೆ ಕೆಂಪು ಹೋಗಿ ಡೈನೋಫ್ಲಾಜೆಲೇಟ್ ಬರುವ ಅಪಾಯವಿದೆ. ಹರಳುಗಳನ್ನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗದಿಂದ ಶುರುಮಾಡಿ. ಫಾಸ್ಫೇಟ್ ಒಮ್ಮೆಲೇ ಕುಸಿದರೆ ಹವಳ ಬಿಳಿಚಿಕೊಳ್ಳುತ್ತದೆ.

ನೀರಿನ ಬಗ್ಗೆ ಒಂದು ಮಾತು. ತೋಟದ ಬಾವಿಯ ನೀರಿಗೆ ಟಿಡಿಎಸ್ (ಕರಗಿದ ಲವಣಗಳ) ಮೀಟರ್ 40 ತೋರಿಸಿತೆಂದು ಅದನ್ನೇ ಉಪ್ಪಿಗೆ ಬೆರೆಸಬೇಡಿ. ಆ 40ರಲ್ಲಿ ಕಾಫಿಗೆ ಹಾಕಿದ ಗೊಬ್ಬರದ ಪಾಲೆಷ್ಟು ಎಂದು ಮೀಟರ್ ಹೇಳುವುದಿಲ್ಲ. ಆರ್‌ಒ ನಂತರ, ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿ ಸೊನ್ನೆ ಬಂದ ನೀರೇ ಆಗಬೇಕು.

ಹೀರಿ ತೆಗೆದ ನೀರನ್ನು ಕಾಫಿ ಗಿಡದ ಬುಡಕ್ಕೋ ಮೆಣಸಿನ ಬಳ್ಳಿಗೋ ಸುರಿಯಬೇಡಿ: 40 ಲೀಟರಿನಲ್ಲಿ ಸುಮಾರು 1.4 ಕೆಜಿ ಉಪ್ಪಿರುತ್ತದೆ. ತೋಡಿಗಂತೂ ಬೇಡವೇ ಬೇಡ. ಬಚ್ಚಲಿನ ಮೋರಿಗೆ ಬಿಡಿ, ಪುಡಿ ಹಾಕಿದ್ದಾದರೆ ಮೊದಲು ಒಂದು ದಿನ ಕಾರ್ಬನ್ ಹಾಕಿಟ್ಟು.