ಮಳೆಗಾಲ ದಾಟಿದ ಹಳೆಯ ಆಪ್ಟಿಪ್ಲೆಕ್ಸ್ ಮೈಕ್ರೊ: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಸೋಮವಾರಪೇಟೆಯ ನಮ್ಮ ಮನೆಯ ಟಿ.ವಿ.ಯ ಪಕ್ಕದಲ್ಲಿರುವ ಡೆಲ್ ಆಪ್ಟಿಪ್ಲೆಕ್ಸ್ 3050 ಮೈಕ್ರೊ ಯಾವುದೋ ಕಚೇರಿಯಲ್ಲಿ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ನಮ್ಮಲ್ಲಿಗೆ ಬಂದ ಕಂಪ್ಯೂಟರ್. 2017ರ ಈ ಮಾದರಿಯಲ್ಲಿ ಇಂಟೆಲ್‌ನ ಏಳನೇ ಪೀಳಿಗೆಯ ಕೋರ್ ಐ5-7500ಟಿ ಪ್ರೊಸೆಸರ್ ಇದೆ. ವಿಂಡೋಸ್ 11 ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಬಹುಮಟ್ಟಿಗೆ ಎಂಟನೇ ಪೀಳಿಗೆಯಿಂದ ಶುರುವಾಗುತ್ತದೆ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ಕೆಲಸಕ್ಕೆ ಇನ್ನೂ ಚೆನ್ನಾಗಿಯೇ ಇರುವ ಇಂಥ ಪುಟ್ಟ ಪೆಟ್ಟಿಗೆಗಳನ್ನು ಕಚೇರಿಗಳು ಹೊರಹಾಕುತ್ತಿವೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಬಳಸುವವರಿಗೆ ಆ ಪಟ್ಟಿಯಿಂದ ಯಾವ ತೊಂದರೆಯೂ ಇಲ್ಲ.

ಕೊಡಗಿನಲ್ಲಿ ಇದನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ, ಹೊರಗಿನ ಲೈನ್ ಕಡಿದುಹೋದಾಗಲೂ ಇದು ಮನೆಯೊಳಗೆ ಕೆಲಸ ಮಾಡುತ್ತದೆ ಎಂಬುದು. ಜುಲೈ, ಆಗಸ್ಟ್‌ನ ಗಾಳಿಮಳೆಗೆ ಒಂದು ಮರ ಬಿದ್ದರೆ ಫೈಬರ್ ತುಂಡಾಗುತ್ತದೆ, ಮೊಬೈಲ್ ಟವರ್ ಸುಮ್ಮನಾಗುತ್ತದೆ, ಓಟಿಟಿ ಚಂದಾ ಕಟ್ಟಿದ್ದರೂ ನೋಡಲು ಏನೂ ಇರುವುದಿಲ್ಲ. ಆಗ ಇನ್ವರ್ಟರ್‌ನಲ್ಲಿ ರೂಟರ್ ಮತ್ತು ಈ ಪೆಟ್ಟಿಗೆ ನಡೆಯುತ್ತಿದ್ದರೆ, ಇದರಲ್ಲಿರುವ ಜೆಲ್ಲಿಫಿನ್ ಎಂಬ, ಹಾಡು-ವಿಡಿಯೊಗಳನ್ನು ಮನೆಯೊಳಗೆ ಹಂಚುವ ಸರ್ವರ್ ತಂತ್ರಾಂಶದಿಂದ ಮನೆಯ ಯಾವ ಫೋನಿನಲ್ಲಾದರೂ ಹಾಡು ಕೇಳಬಹುದು, ವಿಡಿಯೊ ನೋಡಬಹುದು. ಸುಮ್ಮನೆ ಕುಳಿತಾಗ ಇದು ಎಳೆಯುವ ವಿದ್ಯುತ್ ನನ್ನ ಮೀಟರಿನಲ್ಲಿ 10 ವ್ಯಾಟ್ ಆಸುಪಾಸು. ಹಗಲೂ ರಾತ್ರಿ ಬಿಟ್ಟರೂ ತಿಂಗಳಿಗೆ ಏಳೆಂಟು ಯೂನಿಟ್ ಆದೀತು.

ಮನೆಯವರು ಅತಿ ಹೆಚ್ಚು ನೋಡುವುದು ನಮ್ಮದೇ ಹಳೆಯ ಡಿವಿಡಿಗಳನ್ನು. ಅಕ್ಕನ ಮದುವೆ, ಊರಿನ ಬಯಲಾದ ಮಂದ್‌ನಲ್ಲಿ ನಡೆದ ಹುತ್ತರಿ ಕೋಲಾಟ, ಈಗ ಇಲ್ಲದ ಹಿರಿಯರ ಮಾತು ಎಲ್ಲವೂ ಆ ಡಿಸ್ಕ್‌ಗಳಲ್ಲಿದ್ದವು. ನಮ್ಮ ತೇವಕ್ಕೆ ಕೆಲವುಗಳ ಮೇಲೆ ಬೂಷ್ಟು ಕೂಡ ಹತ್ತಿತ್ತು. ಡಿಸ್ಕನ್ನು ಸುತ್ತು ಹಾಕಿ ಒರೆಸಬಾರದು; ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಬಳಿಕ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಪ್ರತಿ ತೆಗೆದೆ. ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಬಾಚಿಕೊಂಡು, ಹಟ ಮಾಡುವ ಭಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ, ನಡುವೆ ಕರೆಂಟ್ ಹೋದರೂ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು.

ಈ ಡಿವಿಡಿಗಳ ಚಿತ್ರ 720×576 ಪಿಕ್ಸೆಲ್‌ನದು, ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಹೆಣೆದದ್ದು. ಹಾಗೆಯೇ ಹೊಸ ಟಿ.ವಿ.ಯಲ್ಲಿ ಹಾಕಿದರೆ ಕೋಲಾಟದವರ ಕೈ ಬೀಸುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದಲ್ಲಿ, ಹೆಣೆದ ಅರ್ಧಚಿತ್ರಗಳನ್ನು ಬಿಡಿಸುವ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಬಳಸಿ, 25ಕ್ಕೆ ಇಳಿಸದೆ ಸೆಕೆಂಡಿಗೆ 50 ಪೂರ್ಣಚಿತ್ರಗಳಾಗಿ ಬದಲಿಸಿದ ಮೇಲೆ ಆ ಕುಣಿತದ ಓಘ ಮೊದಲಿನಂತೆಯೇ ಕಾಣಿಸಿತು. ಮದುವೆ ಸ್ಟುಡಿಯೊದವರು ಕೊಟ್ಟ ಡಿಸ್ಕ್‌ಗಳು ಮನೆಯಲ್ಲಿರುವ ಪ್ರತಿಯೊಬ್ಬರೂ ಈ ಕೆಲಸವನ್ನು ಮುಂದೂಡದೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಬರೆಯಬಲ್ಲ ಡಿವಿಡಿಯ ಬಣ್ಣದ ಪದರ ವರ್ಷ ಕಳೆದಂತೆ ತಾನಾಗಿಯೇ ಮಾಸುತ್ತದೆ.

ಆಟಗಳ ವಿಷಯಕ್ಕೆ ಬಂದರೆ, ಮೊದಲು ಹಳೆಯ ಆಟಗಳಿಗೆಂದೇ ಮಾಡಿದ, ಪೆನ್‌ಡ್ರೈವ್‌ನಿಂದಲೇ ನಡೆಯುವ ಬಟೊಸೆರಾ ಎಂಬ ಲಿನಕ್ಸ್ ಹಾಕಿ ನೋಡಿದೆ. ಮಕ್ಕಳೂ ನಡೆಸಬಹುದಾದಷ್ಟು ಅದು ಸುಲಭ. ಆದರೆ ಅದು ನಡೆಯುವಾಗ, ಈ ಯಂತ್ರದಲ್ಲಿ ನಾನು ಹಾಕಿರುವ ಲಿನಕ್ಸ್ ಆದ ಡೆಬಿಯನ್‌ನಲ್ಲಿರುವ ಜೆಲ್ಲಿಫಿನ್ ನಿಂತುಹೋಗುತ್ತದೆ. ಆದ್ದರಿಂದ ಈಗ ಎಲ್ಲವನ್ನೂ ಒಂದೇ ಡೆಬಿಯನ್‌ನಲ್ಲಿಟ್ಟು, ಆಟಕ್ಕೆ ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ರೆಟ್ರೊಆರ್ಚ್ ಎಂಬ ತಂತ್ರಾಂಶ ಬಳಸುತ್ತಿದ್ದೇನೆ. 1983ರ ನಿಂಟೆಂಡೊ ಫ್ಯಾಮಿಲಿ ಕಂಪ್ಯೂಟರ್ ಎಂಬ ಆಟದ ಯಂತ್ರದಿಂದ ಹಿಡಿದು ಮೊದಲ ಪ್ಲೇಸ್ಟೇಷನ್‌ವರೆಗಿನ ಆಟಗಳು ಯಾವ ತಡೆಯೂ ಇಲ್ಲದೆ ಓಡುತ್ತವೆ. ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ಆದ ಪಿಎಸ್‌ಪಿಯವೂ ಚೆನ್ನಾಗಿಯೇ ಓಡುತ್ತವೆ. ಪ್ಲೇಸ್ಟೇಷನ್ 2ರ ಭಾರದ ಆಟಗಳಿಗೆ ಮಾತ್ರ ಇದರ ಶಕ್ತಿ ಸಾಲದು. ನಮ್ಮ ಸ್ವಂತ ಡಿಸ್ಕ್‌ಗಳಿಂದ ತೆಗೆದ ಪ್ರತಿಗಳನ್ನು ಮತ್ತು ಹಳೆಯ ಯಂತ್ರಗಳಿಗಾಗಿ ಹವ್ಯಾಸಿಗಳು ಇಂದಿಗೂ ಬರೆದು ಉಚಿತವಾಗಿ ಹಂಚುವ ಆಟಗಳನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಎರಡು ಹೊಂದಿಕೆಗಳನ್ನು ಯಾರೂ ಬಿಡಬಾರದು. ಅಗಲದ ಪರದೆಯ ಪಿಎಸ್‌ಪಿ ಬಿಟ್ಟು, ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಹಳೆಯ ಯಂತ್ರಗಳ ಆಟಗಳಿಗೆ ಚಿತ್ರದ ಅನುಪಾತ 4:3 ಆಗಿರಬೇಕು, ಇಲ್ಲವಾದರೆ ಅಗಲದ ಪರದೆಯಲ್ಲಿ ದುಂಡಗಿನ ಚೆಂಡು ಮೊಟ್ಟೆಯಾಗುತ್ತದೆ. ಟಿ.ವಿ.ಯಲ್ಲಿ ಗೇಮ್ ಮೋಡ್ ಹಾಕಿರಬೇಕು. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲಿನ ಹುಡುಗ ಹಾರಿದ್ದಕ್ಕೂ ನಡುವೆ ಇರುವ ತಡವನ್ನು ಕಡಿಮೆ ಮಾಡುವುದು ಅದೇ. ಅಷ್ಟಾದ ಮೇಲೂ ತಡವೆನಿಸಿದರೆ, ಆಟವನ್ನು ಒಂದೆರಡು ಚಿತ್ರದಷ್ಟು ಮುಂದಾಗಿಯೇ ಲೆಕ್ಕ ಹಾಕಿಡುವ ರೆಟ್ರೊಆರ್ಚ್‌ನ ರನ್-ಅಹೆಡ್ ಸೌಲಭ್ಯ ಇದೆ. ಹಳೆಯ ಸರಳ ಆಟಗಳಿಗೆ ಅದನ್ನು ನಡೆಸುವಷ್ಟು ಶಕ್ತಿ ಈ ಪ್ರೊಸೆಸರ್‌ಗೆ ಧಾರಾಳವಾಗಿದೆ.

ಕೊರತೆಗಳೂ ಇವೆ. ಟಿ.ವಿ. ರಿಮೋಟ್‌ನಿಂದ ಇದನ್ನು ನಡೆಸಲಾಗದು, ಏಕೆಂದರೆ ಎಚ್‌ಡಿಎಂಐ ತಂತಿಯ ಮೂಲಕ ರಿಮೋಟ್ ಆಜ್ಞೆ ಸಾಗಿಸುವ ಸೌಲಭ್ಯ ಇದರಲ್ಲಿಲ್ಲ. ನಾವು ಟಿ.ವಿ.ಯಲ್ಲಿ ಕೋಡಿ ಎಂಬ ವಿಡಿಯೊ ಪ್ಲೇಯರ್ ತೆರೆದು, ರಿಮೋಟ್ ಬದಲು ಫೋನಿನಲ್ಲಿ ಅದರ ಕೋರೆ ಆ್ಯಪ್ ಬಳಸುತ್ತೇವೆ. ಲಿನಕ್ಸ್‌ನಲ್ಲಿ ಹಲವು ಓಟಿಟಿಗಳು ಪೂರ್ಣ ಸ್ಪಷ್ಟತೆ ಕೊಡುವುದಿಲ್ಲ. ಎಚ್‌ಇವಿಸಿ ಮತ್ತು ವಿಪಿ9 ಎಂಬ ರೀತಿಗಳಲ್ಲಿ ಕುಗ್ಗಿಸಿದ ವಿಡಿಯೊಗಳನ್ನು ಗ್ರಾಫಿಕ್ಸ್ ಭಾಗವೇ ಬಿಡಿಸುತ್ತದೆ, ಆದರೆ ಇನ್ನೂ ಹೊಸ ರೀತಿಯಾದ ಎವಿ1 ಬಂದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಸದ್ದು ಮಾಡತೊಡಗುತ್ತದೆ. 4ಕೆ ಟಿ.ವಿ. ಇರುವವರು ಇದರ ಎಚ್‌ಡಿಎಂಐ ಸೆಕೆಂಡಿಗೆ 30 ಚಿತ್ರಗಳನ್ನಷ್ಟೇ ಕೊಡುತ್ತದೆ ಎಂಬುದನ್ನು ನೆನಪಿಡಬೇಕು. 60 ಬೇಕಿದ್ದರೆ ಡಿಸ್‌ಪ್ಲೇಪೋರ್ಟ್‌ನಿಂದ ತಕ್ಕ ಅಡಾಪ್ಟರ್ ಹಾಕಬೇಕು.

ನಮ್ಮ ಹವೆಗೆ ಬೇಕಾದ ಎಚ್ಚರಿಕೆಗಳಲ್ಲಿ ಮೊದಲನೆಯದು ಬಯಾಸ್‌ನಲ್ಲಿರುವ, ಅಂದರೆ ಯಂತ್ರದ ಮೂಲ ಹೊಂದಿಕೆಗಳ ಪರದೆಯಲ್ಲಿರುವ, ಎಸಿ ರಿಕವರಿ. ಅದನ್ನು ಪವರ್ ಆನ್‌ಗೆ ಇಟ್ಟರೆ ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಏಳುತ್ತದೆ. ಒಳಗಿನ ಸಿಆರ್2032 ಬ್ಯಾಟರಿ ಹಳೆಯದಾಗಿದ್ದರೆ ಉದ್ದನೆಯ ಪವರ್‌ಕಟ್‌ನ ಬಳಿಕ ಗಡಿಯಾರವೂ ಹೊಂದಿಕೆಗಳೂ ಅಳಿಸಿಹೋಗುವುದರಿಂದ, ಕೊಂಡ ಕೂಡಲೇ ಅದನ್ನು ಬದಲಿಸಿಬಿಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿಗೆ ಪ್ಲಗ್ ಕಿತ್ತರೆ ಸಾಲದು, ರೂಟರ್‌ನಿಂದ ಬರುವ ಲ್ಯಾನ್ ತಂತಿಯನ್ನೂ ಕೀಳಬೇಕು. ಮಳೆಗಾಲದಲ್ಲಿ ಮಾತ್ರ ಯಂತ್ರವನ್ನು ವಾರಗಟ್ಟಲೆ ಆರಿಸಿಡುವುದಕ್ಕಿಂತ ನಡೆಸುತ್ತಿರುವುದೇ ಒಳ್ಳೆಯದು. ಒಳಗಿನ ಸಣ್ಣ ಬಿಸಿಗೆ ತೇವ ಕೂರುವುದಿಲ್ಲ.

ಕೊಳ್ಳುವಾಗ ಅಡಾಪ್ಟರನ್ನು ಕಣ್ಣಾರೆ ನೋಡಿ. ನನಗೆ ಮಾರಿದವರು ಅಸಲಿಯಲ್ಲದ ಅಡಾಪ್ಟರ್ ಕೊಟ್ಟಿದ್ದರು. ಡೆಲ್ ಪಿನ್ನಿನ ನಡುವಿನ ಸಣ್ಣ ಕಡ್ಡಿ ಅಡಾಪ್ಟರ್‌ನ ಗುರುತನ್ನು ಯಂತ್ರಕ್ಕೆ ತಿಳಿಸುತ್ತದೆ. ಗುರುತು ಸಿಗದಿದ್ದರೆ ಎಚ್ಚರಿಕೆ ತೋರಿಸಿ ಪ್ರೊಸೆಸರ್ ವೇಗ ತಗ್ಗಿಸಿಬಿಡುತ್ತದೆ. 65 ವ್ಯಾಟ್‌ನ ಅಸಲಿ ಅಡಾಪ್ಟರ್ ಹಾಕಿದ ಮೇಲೆ ವೇಗ ಮರಳಿತು. ಬಯಾಸ್‌ಗೆ ಹಳೆಯ ಕಚೇರಿಯ ಪಾಸ್‌ವರ್ಡ್ ಉಳಿದಿಲ್ಲವೆಂಬುದನ್ನೂ ಹಣ ಕೊಡುವ ಮೊದಲೇ, ಅಂಗಡಿಯಲ್ಲೇ ಯಂತ್ರ ಆನ್ ಮಾಡಿ ಎಫ್2 ಒತ್ತಿ ನೋಡಿಕೊಳ್ಳಿ.