ಪ್ಲೇಸ್ಟೇಷನ್ 2ಗೆ ಯಾವ ಕಂಟ್ರೋಲರ್? ಹಳೇ ಒರಿಜಿನಲ್ಲಾ, ಹೊಸ ಲೋಕಲ್ಲಾ?
ಸೋನಿ 2000ದಲ್ಲಿ ತಂದ, ಟಿವಿಗೆ ಹಾಕಿ ಆಡುವ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 2 ಇನ್ನೂ ಎಷ್ಟೋ ಮನೆಗಳಲ್ಲಿ ಓಡುತ್ತಿದೆ. ಮೊದಲು ಕೈಕೊಡುವುದು ಕಂಟ್ರೋಲರ್. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹುಡುಕಲು ಹೊರಟರೆ ಮುಖ್ಯವಾಗಿ ಎರಡು ದಾರಿ: ಬಳಸಿದ ಒರಿಜಿನಲ್ ಡ್ಯುಯಲ್‌ಶಾಕ್ 2 (ಸೋನಿಯದೇ ಕಂಟ್ರೋಲರ್), ಇಲ್ಲವೇ ಅದೇ ರೂಪದ ಹೊಸ ಲೋಕಲ್ ಮಾಲು.

ನನ್ನ ಮತ ಹಳೇ ಒರಿಜಿನಲ್‌ಗೆ. ಅದರ ಬಟನ್‌ಗಳು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನೂ ಅಳೆಯುತ್ತವೆ. ಗ್ರಾನ್ ಟುರಿಸ್ಮೊ 3 ಅನ್ನುವ ಕಾರ್ ರೇಸಿಂಗ್ ಆಟದಲ್ಲಿ ಎಕ್ಸ್ ಬಟನ್ ಮೆಲ್ಲಗೆ ಒತ್ತಿದರೆ ಆಕ್ಸಿಲರೇಟರ್ ಕೂಡ ಮೆಲ್ಲಗೆ. ಎಷ್ಟೋ ಲೋಕಲ್ ಕಂಟ್ರೋಲರ್‌ಗಳಲ್ಲಿ ಇದು ಇರುವುದಿಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ತಿರುವಿನಲ್ಲಿ ಆಟದ ಮಜಾನೇ ಹೋಗುತ್ತದೆ, ಅಲ್ವಾ? ಒರಿಜಿನಲ್‌ನಲ್ಲಿ ವೈಬ್ರೇಷನ್‌ಗೆ ಎರಡು ಮೋಟರ್ ಇರುತ್ತವೆ, ಹಾಗಾಗಿ ಕೈಗೆ ತೂಕ ಸಿಗುತ್ತದೆ. ತುಂಬಾ ಹಗುರ ಅನ್ನಿಸಿದರೆ ಸ್ವಲ್ಪ ಅನುಮಾನ ಪಡಿ. ಸೋನಿ ಹೆಸರು ನೋಡಿ ಸುಮ್ನೆ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ.

ಹಳೆಯದರ ತೊಂದರೆ ಸವೆತ. ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್ ಬಿಟ್ಟಾಗ ಸರಿಯಾಗಿ ನಡುವಿಗೆ ಬರಬೇಕು. ಬಟನ್ ಕೆಳಗಿನ ರಬ್ಬರ್ ಸವೆದಿದ್ದರೆ ಬದಲಿಸಬಹುದು. ವೈರ್ ಬುಡದಲ್ಲಿ ಬಾಗಿಸಿ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಆಡಿ ತೆಗೆದುಕೊಳ್ಳಿ.

ಲೋಕಲ್ ಮಾಲು ಹೊಸದು, ಬೆಲೆ ಕಮ್ಮಿ. ಚಿಕ್ಕ ಮಕ್ಕಳು ಫೈಟಿಂಗ್, ಕ್ರಿಕೆಟ್ ಆಡುವುದಕ್ಕೆ ಸಾಕು. ವೈರ್‌ಲೆಸ್ ಬೇಕಾದವರಿಗೆ ರಿಸೀವರ್ ಜೊತೆ ಬರುವ 2.4 ಗಿಗಾಹರ್ಟ್ಸ್ ಮಾದರಿಗಳೂ ಇವೆ. ಆದರೆ ಜಾಸ್ತಿ ಹೊತ್ತು ಆಡುವವರು, ಅದರಲ್ಲೂ ರೇಸಿಂಗ್ ಇಷ್ಟಪಡುವವರು, ಒಳ್ಳೆ ಸ್ಥಿತಿಯ ಒರಿಜಿನಲ್ ಸಿಗುವ ತನಕ ಕಾಯಿರಿ.